ತಂಗಿಯ ಫೋನಿನ ಸೆಟ್ಟಿಂಗ್ಸ್

ನನ್ನ ಚಿಕ್ಕಪ್ಪನ ಮಗಳು ಮದುವೆಯಾಗಿ ನಾಗಪುರದ ಹತ್ತಿರದ ಮೌದಾಕ್ಕೆ ಬಂದಾಗ ನನಗಾದಷ್ಟು ಸಂತೋಷ ಅವಳಿಗೂ ಆಗಿರಲಿಕ್ಕಿಲ್ಲ. ಅಷ್ಟೊತ್ತಿಗೆ ನಾವು ನಾಗಪುರಕ್ಕೆ ಬಂದು ಬಹಳ ವರ್ಷಗಳಾಗಿದ್ದವು. ನಮ್ಮ ಮನೆಯವರಿಗೆ ಆರ್ಡ್‌ನನ್ಸ್ ಫ್ಯಾಕ್ಟರಿಯಲ್ಲಿ ಕೆಲಸ, ನನಗೆ ಬ್ಯಾಂಕಿನಲ್ಲಿ. ಕೌಂಟರಿನಲ್ಲಿ ದಿನವಿಡೀ ಮರಾಠಿ, ಹಿಂದಿ. ಮನೆಗೆ ಬಂದರೆ ಮನೆಯವರದು ಮೊದಲಿನಿಂದಲೂ ಮಾತು ಕಡಿಮೆ. ಧಾರವಾಡದ ಕನ್ನಡದಲ್ಲಿ ಹೊಟ್ಟೆ ತುಂಬ ಹರಟೆ ಹೊಡೆಯಲು ನನಗೊಂದು ಜೀವ ಬೇಕಾಗಿತ್ತು. ಈಗ ನನ್ನ ತಂಗಿಯೇ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ ಬಂದಿದ್ದಳು.

ಅವಳ ಗಂಡ ಪವರ್ ಪ್ಲಾಂಟಿನಲ್ಲಿ ಇಂಜಿನಿಯರ್. ಸಣ್ಣ ದನಿಯ ಮನುಷ್ಯ. ಕುಡಿತವಿಲ್ಲ, ಸಿಗರೇಟಿಲ್ಲ. ಮದುವೆಯಲ್ಲಿ ಊಟದ ಪಂಕ್ತಿಯ ತುಂಬ ಅವನ ಗುಣಗಾನವೇ. ಭಾನುವಾರ ರಜೆ ಇದ್ದರೆ ಅವಳನ್ನು ಕಾರಿನಲ್ಲಿ ತಂದು ನಮ್ಮ ಮನೆಯಲ್ಲಿ ಬಿಟ್ಟು, ತನ್ನ ಗೆಳೆಯರನ್ನು ಕಾಣಲು ಹೋಗುತ್ತಿದ್ದ. ಸಂಜೆ ಬಂದು ಚಹಾ ಕುಡಿದು ಕರೆದುಕೊಂಡು ಹೋಗುವನು. ನಡುವಿನ ಹೊತ್ತು ನಮ್ಮಿಬ್ಬರದು.

ಹಾಗೆಂದು ನಾನು ತಿಳಿದಿದ್ದೆ.

ಬೇಸಿಗೆ ಕಾಲಿಡುವ ಮೊದಲು ನಾಗಪುರದಲ್ಲಿ ಪ್ರತಿ ಮನೆಯೂ ಏರ್ ಕೂಲರಿನ ಬದಿಗಳಿಗೆ ತುಂಬುವ ಹುಲ್ಲು ಬದಲಿಸುತ್ತದೆ. ಅಂಥ ಒಂದು ಭಾನುವಾರ ಬೆಳಿಗ್ಗೆ ನಾನೂ ತಂಗಿಯೂ ಹುಲ್ಲು ತರಲು ಹೋದೆವು. ದಾರಿಯಲ್ಲಿ ಗಾಡಿಯ ಮುಂದೆ ನಿಂತು ಪೋಹೆ ತಿಂದೆವು. ಇಲ್ಲಿ ಅವಲಕ್ಕಿಯ ಮೇಲೆ ಕಡಲೆಕಾಳಿನ ಕೆಂಪು ಸಾರು, ತರ್ರಿ, ಸುರಿದು ಕೊಡುತ್ತಾರೆ, ಕಣ್ಣಲ್ಲಿ ನೀರು ಬರುವಷ್ಟು ಖಾರ. ಅವಳು ಫೋನಿನಿಂದ ಹಣ ಕೊಟ್ಟು ಎರಡು ತುತ್ತು ತಿಂದಿರಬೇಕು, ಫೋನು ಗುರ್ ಎಂದಿತು. ನೋಡಿದವಳು ತಟ್ಟೆಯನ್ನು ಗಾಡಿಯ ಮೇಲೆ ಇಟ್ಟುಬಿಟ್ಟಳು.

"ಯಾಕ, ಏನಾತು?" ಎಂದೆ.

ಫೋನನ್ನು ನನ್ನ ಕಡೆ ತಿರುಗಿಸಿದಳು. ಗಂಡನ ಮೆಸೇಜು. ಭಾಳ ಖಾರ ತಿನ್ನಬ್ಯಾಡ, ಎದಿ ಉರಿತೈತಿ.

ನಾನು ನಗುತ್ತ ಸುತ್ತ ನೋಡಿದೆ. ರಸ್ತೆಯ ಆಚೆ ಎಲ್ಲೋ ಕಾರು ನಿಲ್ಲಿಸಿ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ.

"ಇಲ್ಲಕ್ಕಾ, ಅವರು ಇಲ್ಲಿಲ್ಲ. ರೊಕ್ಕ ಕೊಟ್ಟದ್ದು ಅವರಿಗೆ ಮೆಸೇಜ್ ಹೋಗತೈತಿ. ನಾವು ಎಲ್ಲಿ ನಿಂತೇವಿ ಅನ್ನೋದೂ ಅವರ ಫೋನಿನ್ಯಾಗ ಕಾಣತೈತಿ."

"ಯಾವಾಗಿಂದ?"

"ಮೊದಲಿಂದ."

ಕೂಲರಿನ ಹುಲ್ಲಿನ ಕಟ್ಟನ್ನು ನಡುವೆ ಇಟ್ಟುಕೊಂಡು ಆಟೊದಲ್ಲಿ ಬರುವಾಗ ಅವಳು ತುಸು ತುಸುವಾಗಿ ಹೇಳಿದಳು. ಆ ಫೋನು ನಿಶ್ಚಿತಾರ್ಥಕ್ಕೆ ಅವನು ಕೊಟ್ಟ ಉಡುಗೊರೆ. ಡಬ್ಬಿಯಿಂದ ತೆಗೆದು ಎಲ್ಲವನ್ನೂ ತಾನೇ ಸೆಟ್ ಮಾಡಿ ಕೈಗೆ ಕೊಟ್ಟಿದ್ದ. ಹೊಸ ಊರು, ಹಾದಿ ತಪ್ಪಿದರೆ ತನಗೆ ತಿಳಿಯಲಿ ಎಂದಿದ್ದ. ಅವಳಿಗೆ ಆಗ ಹೆಮ್ಮೆಯೇ ಆಗಿತ್ತು. ಈಗ ಪ್ಲಾಂಟಿನ ಕಾಲೊನಿಯಲ್ಲಿ ಪಕ್ಕದ ಬ್ಲಾಕಿನ ಗೆಳತಿಯ ಮನೆಯಲ್ಲಿ ಸ್ವಲ್ಪ ತಡವಾದರೆ, ಏನು ಅಷ್ಟು ಮಾತು ಎಂದು ಕೇಳುತ್ತಾನೆ. ಗುಡಿಗೆ ಬೇರೆ ರಸ್ತೆಯಿಂದ ಹೋದರೆ, ಆ ಕಡೆಯಿಂದ ಯಾಕೆ ಎನ್ನುತ್ತಾನೆ. ಚಾರ್ಜ್ ಮುಗಿದು ಫೋನು ಬಂದಾದರೆ ಪಕ್ಕದ ಮನೆಯವರಿಗೆ ಫೋನು.

"ಬೈತಾನೇನು?" ಎಂದೆ.

"ಬೈದಿದ್ರ ನಾನೂ ಬೈತಿದ್ದೆ ಅಕ್ಕಾ. ಅವರು ಕೇಳತಾರ, ಅಷ್ಟ."

ಮುಂದಿನ ಸಲ ಬಂದಾಗ, ಊಟ ಮುಗಿದು ಮನೆಯವರು ಒಳಗೆ ಮಲಗಿದ ಮೇಲೆ, ಅವಳು ಫೋನನ್ನು ನನ್ನ ಮಡಿಲಿನಲ್ಲಿ ಇಟ್ಟಳು. "ನೀ ಬ್ಯಾಂಕಿನ್ಯಾಗ ಮಂದಿಗೆಲ್ಲಾ ಇದನ್ನ ಒತ್ತಬ್ಯಾಡ್ರಿ, ಅದನ್ನ ಕೊಡಬ್ಯಾಡ್ರಿ ಅಂತ ಹೇಳತೀಯಲ್ಲ. ಇದನ್ನಿಷ್ಟು ಬಂದ್ ಮಾಡಿ ಕೊಡು."

"ಎಲ್ಲಿಗೆ ಹೋಗೋದೈತಿ ನಿನಗ?"

"ಎಲ್ಲಿಗೂ ಹೋಗೋದಿಲ್ಲಕ್ಕಾ. ಸುಮ್ನ, ನಾ ಎಲ್ಲದೇನಿ ಅಂತ ನನಗಷ್ಟ ಗೊತ್ತಿರಬೇಕು."

ಕೂಲರಿನ ಮುಂದೆ ನೆಲದ ಮೇಲೆ ಕುಳಿತೆವು. ನನಗೆ ಇದು ಬಹಳ ತಿಳಿಯುತ್ತದೆ ಎಂದೇನಲ್ಲ. ಬ್ಯಾಂಕಿನಲ್ಲಿ ನಾವು ಗಿರಾಕಿಗಳಿಗೆ ಹೇಳುವುದು ಗಿಳಿಪಾಠ. ಆದರೂ ಧೈರ್ಯ ತಂದುಕೊಂಡೆ. ಫೋನು ಇಂಗ್ಲಿಷಿನಲ್ಲಿತ್ತು. ಅವಳಿಗೂ ತಿಳಿಯಲಿ ಎಂದು ಮೊದಲು ಭಾಷೆ ಬದಲಿಸಿದೆ. ಪರದೆಯ ತುಂಬ ಕನ್ನಡ ಮೂಡಿತು, ಆದರೆ ಅದು ನಮ್ಮಿಬ್ಬರಿಗೂ ಪರಿಚಯವಿಲ್ಲದ ಕನ್ನಡ. 'ಗೌಪ್ಯತೆ' ಎಂಬಲ್ಲಿ ಬೆರಳಿಟ್ಟು ಅವಳು, "ಹಂಗಂದ್ರೇನ?" ಎಂದಳು.

"ನಿಂದು ನಿನಗಷ್ಟ ಇರೋದು."

ಅವಳು ಆ ಶಬ್ದವನ್ನು ಎರಡು ಸಲ ಓದಿದಳು.

ಲೊಕೇಶನ್ ಎಂಬ ಕಡೆ ಹೋದರೆ, ಯಾವ ಯಾವ ಆ್ಯಪ್ ಅವಳ ಜಾಗವನ್ನು ನೋಡುತ್ತದೆ ಎಂದು ಉದ್ದಕ್ಕೆ ಇತ್ತು. ಟಾರ್ಚಿನ ಆ್ಯಪ್ ನೋಡುತ್ತಿತ್ತು, ಪಂಚಾಂಗದ ಆ್ಯಪ್ ನೋಡುತ್ತಿತ್ತು. ಒಂದೊಂದಾಗಿ 'ಅನುಮತಿಸಬೇಡಿ' ಎಂದು ಒತ್ತುತ್ತ ಹೋದೆ. ಮ್ಯಾಪಿನಲ್ಲಿ ಗಂಡನ ಪುಟ್ಟ ಫೋಟೊ, ಅದರ ಪಕ್ಕದಲ್ಲಿ 'ನೀವು ಇದನ್ನು ಆಫ್ ಮಾಡುವವರೆಗೆ' ಎಂದಿತ್ತು. ಆಫ್ ಮಾಡಿದೆ. ಫೋನಿನ ಅಕೌಂಟ್ ಯಾರದು ಎಂದು ನೋಡಿದರೆ ಅವನ ಇಮೇಲ್. ಪಾಸ್‌ವರ್ಡ್ ಕೇಳಿತು. ಅವಳಿಗೆ ಗೊತ್ತಿರಲಿಲ್ಲ. ಅವಳು ತೆಗೆದ ಫೋಟೊಗಳೆಲ್ಲ ತಾವಾಗಿ ಅವನ ಅಕೌಂಟಿಗೆ ಹೋಗುತ್ತಿದ್ದವು. ಅದನ್ನು ನಿಲ್ಲಿಸಲು ದಾರಿ ಸಿಗಲಿಲ್ಲ.

ಕೊನೆಗೆ ಮೆಸೇಜಿನ ಆ್ಯಪ್ ತೆರೆದೆ. ಬೇರೆ ಯಾವ ಸಾಧನಕ್ಕೆ ಜೋಡಿಸಿದೆ ಎಂದು ತೋರಿಸುವ ಒಂದು ಮೂಲೆ ಅದರಲ್ಲಿದೆ. ಅಲ್ಲಿ ಒಂದು ಲ್ಯಾಪ್‌ಟಾಪ್ ಇತ್ತು. ಕೆಳಗೆ 'ಇಂದು ಸಕ್ರಿಯ' ಎಂದು ಬರೆದಿತ್ತು.

"ನಿನ್ನ ಹಂತ್ಯಾಕ ಲ್ಯಾಪ್‌ಟಾಪ್ ಐತೇನು?"

"ನನ್ನ ಕಡೆ ಎಲ್ಲೀದಕ್ಕಾ. ಅವರದೈತಿ."

ಅವಳು ಮೌದಾಕ್ಕೆ ಬಂದಾಗಿನಿಂದ ನಾವಿಬ್ಬರು ಬರೆದುಕೊಂಡದ್ದೆಲ್ಲ ನನ್ನ ತಲೆಯಲ್ಲಿ ಓಡಿತು. ಅವಳ ಮುಟ್ಟಿನ ನೋವು, ಅತ್ತೆಯ ಮಾತು. ನನ್ನ ಗರ್ಭಕೋಶದ ಗಡ್ಡೆಯ ವಿಷಯ, ಆಪರೇಶನ್ನಿಗೆ ಹೆದರಿ ಅವಳೊಬ್ಬಳಿಗೇ ಬರೆದಿದ್ದು. ಮನೆಯವರ ಜೊತೆ ಜಗಳವಾಡಿದ ದಿನ ಸಿಟ್ಟಿನಲ್ಲಿ ಬರೆದ ಸಾಲುಗಳು. 'ನಿನ್ನ ಗಂಡ ಮಾತಾಡಿದ್ದು ಇರುವಿ ನಡದಂಗ, ಕೇಳಸೂದಿಲ್ಲ' ಎಂದು ಒಮ್ಮೆ ಚೇಷ್ಟೆ ಮಾಡಿದ್ದೆ. ಅದಾದ ಮೇಲೆ ಅವನು ನಮ್ಮ ಮನೆಗೆ ಎಷ್ಟೋ ಸಲ ಬಂದು, ನನ್ನ ಕೈಯ ಚಹಾ ಕುಡಿದು, ಆರೋಗ್ಯ ಹೇಗಿದೆ ಅಕ್ಕಾರ ಎಂದು ಕೇಳಿದ್ದ. ಆ ಪ್ರಶ್ನೆಯನ್ನು ನಾನು ಸೌಜನ್ಯ ಎಂದುಕೊಂಡಿದ್ದೆ. ಸೀರೆಯ ಸೆರಗು ಮೈಮೇಲಿದ್ದರೂ ಮತ್ತೊಮ್ಮೆ ಎಳೆದು ಹೊದ್ದುಕೊಂಡೆ.

"ತಗೀಲೇನು?" ಎಂದೆ.

"ಬ್ಯಾಡಕ್ಕಾ, ಗೊತ್ತಾಗತೈತಿ," ಎಂದವಳು, ಆಮೇಲೆ ತಾನೇ ಬೆರಳು ಚಾಚಿ 'ಲಾಗ್ ಔಟ್' ಒತ್ತಿದಳು.

ಚಹಾಕ್ಕೆ ನೀರು ಇಡುವಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಅವನೇ.

"ಅಕ್ಕಾರ, ನಮಸ್ಕಾರ್ರಿ. ಆಕಿ ಫೋನಿಗೆ ಏನರೆ ಆಗೇತೇನ್ರಿ?"

"ಏನಿಲ್ಲ. ಚಾರ್ಜ್ ಇಲ್ಲ ಅನಸತೈತಿ."

"ಇಲ್ರಿ, ಈಗಷ್ಟ ನೋಡೀನಿ. ಚಾರ್ಜ್ ಭರಪೂರ ಇತ್ತು."

ನಾನು ಒಲೆಯ ಉರಿ ಸಣ್ಣ ಮಾಡಿದೆ. "ಇರ್ಲಿ ಬಿಡ್ರಿ, ನಾ ಬಂದು ನೋಡತೀನಿ," ಎಂದ. ಎಂದಿನ ಸಣ್ಣ ದನಿ.

ಇಲ್ಲಿನ ಕಿತ್ತಳೆಯ ಸಿಹಿ, ಸಂತ್ರಾ ಬರ್ಫಿಯ ಡಬ್ಬಿ ಹಿಡಿದು ಬಂದ. ಕಾಲು ತೊಳೆದು ಬಂದು ಕುಳಿತು ಅವಳ ಕಡೆ ಕೈ ಚಾಚಿದ. ಅವಳು ಫೋನು ಕೊಟ್ಟಳು. ಪರದೆಯ ಮೇಲಿನ ಕನ್ನಡ ನೋಡಿ ನಕ್ಕ. "ಯಾರರೆ ಹ್ಯಾಕ್ ಮಾಡ್ಯಾರೇನೋ ಅಂತ ಹೆದರಿಬಿಟ್ಟಿದ್ದೆ. ಇದನ್ನೆಲ್ಲ ನೀವು ಒತ್ತಬಾರದ್ರಿ, ಬ್ಯಾರೆ ಏನರೆ ಕೆಡತೈತಿ," ಎಂದು ನಮ್ಮೆಲ್ಲರ ಮುಂದೆ ಒಂದೊಂದನ್ನೇ ಸರಿಮಾಡತೊಡಗಿದ. ನಾನು ಮಧ್ಯಾಹ್ನವೆಲ್ಲ ಹುಡುಕಿ ಹುಡುಕಿ ಮುಚ್ಚಿದ್ದನ್ನು ಅವನ ಬೆರಳು ನೋಡನೋಡುತ್ತಿದ್ದಂತೆ ತೆರೆಯುತ್ತ ಹೋಯಿತು.

ನಾನು ಕೇಳಿದೆ. ಕೇಳಲಿಲ್ಲ ಎಂದಲ್ಲ. "ಆಕಿ ಮೆಸೇಜ್ ನೀವ್ಯಾಕ ಓದತೀರಿ? ಅದರಾಗ ನನ್ನ ಮಾತೂ ಇರತಾವಲ್ಲ?"

ಅವನು ತಲೆ ಎತ್ತಿದ. ಮುಖದಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ನೊಂದವನಂತೆ ಕಂಡ. "ಗಂಡ ಹೆಂಡತಿ ನಡುವ ಮುಚ್ಚುಮರಿ ಇರಬೇಕೇನ್ರಿ ಅಕ್ಕಾರ? ನನ್ನ ಫೋನು ಆಕಿ ಯಾವಾಗ ಬೇಕಾದ್ರೂ ನೋಡಲಿ. ತಗೋ, ನೋಡು," ಎಂದು ತನ್ನ ಫೋನನ್ನು ಅವಳ ಮುಂದೆ ಇಟ್ಟ. ಅವಳು ಮುಟ್ಟಲಿಲ್ಲ.

ಮನೆಯವರು ಬರ್ಫಿ ಬಾಯಿಗೆ ಹಾಕಿಕೊಂಡು, "ಬರೋಬರ್ ಹೇಳತಾರ ನೋಡು," ಎಂದರು. ಅಷ್ಟಕ್ಕೇ ನಿಲ್ಲಲಿಲ್ಲ. ಅವನ ಬೆರಳಿನ ಚುರುಕು ಕಂಡು, "ನಂದೂ ಇಷ್ಟು ನೋಡ್ರಿ, ಭಾಳ ಸ್ಲೋ ಆಗೇತಿ," ಎಂದು ತಮ್ಮ ಫೋನನ್ನು ಅವನ ಕೈಗೆ ಕೊಟ್ಟುಬಿಟ್ಟರು. ಬ್ಯಾಡ್ರಿ ಎನ್ನಲು ನನ್ನ ಬಾಯಿ ತೆರೆಯಿತು. ಅಳಿಯ ಮನೆಗೆ ಬಂದಿದ್ದಾನೆ, ಸಿಹಿ ತಂದಿದ್ದಾನೆ, ಉಪಕಾರ ಮಾಡುತ್ತಿದ್ದಾನೆ. ನಾನು ಒಳಗೆ ಹೋಗಿ ಚಹಾ ಸೋಸಿದೆ.

ಅವರು ಹೋದ ಮೇಲೆ ನಾನು ಮನೆಯವರ ಜೊತೆ ಜಗಳವಾಡಿದೆ. "ಹೊಡೀತಾನೇನು? ಉಪವಾಸ ಕೆಡವತಾನೇನು?" ಎಂದು ಅವರು ಕೇಳಿದರು. ಇಲ್ಲ ಎಂದೆ. "ಮತ್ತ?" ಎಂದರು. ಧಾರವಾಡಕ್ಕೆ ಚಿಕ್ಕಮ್ಮನಿಗೆ ಫೋನು ಮಾಡಿದೆ. "ಅಷ್ಟು ಕಾಳಜಿ ಮಾಡೋ ಗಂಡ ಯಾರಿಗೆ ಸಿಗತಾನವ್ವಾ," ಎಂದು ಚಿಕ್ಕಮ್ಮ ಫೋನಿನಲ್ಲೇ ಅತ್ತಳು, ಸಂತೋಷಕ್ಕೆ. ಬ್ಯಾಂಕಿಗೆ ಬರುವ ಒಬ್ಬ ವಕೀಲೆಯನ್ನು, ಯಾರದೋ ಕಥೆ ಎಂಬಂತೆ ಕೇಳಿ ನೋಡಿದೆ. ಆಕೆ ನನ್ನ ಮಾತನ್ನು ಹಗುರ ಮಾಡಲಿಲ್ಲ. ಇದಕ್ಕೂ ದಾರಿಯಿದೆ, ಆದರೆ ಅವಳೇ ಬಂದು ಹೇಳಬೇಕು ಎಂದರು. ಅದನ್ನು ತಂಗಿಗೆ ತಿಳಿಸಲು ಬರೆಯುವಂತಿಲ್ಲ, ಫೋನಿನಲ್ಲಿ ಹೇಳುವಂತಿಲ್ಲ. ಮತ್ತೆ ಬಂದಾಗ ಫೋನನ್ನು ಕೆಳಗೇ ಬಿಟ್ಟು, ಬಟ್ಟೆ ಒಣಹಾಕುವ ನೆಪದಲ್ಲಿ ಗಚ್ಚಿಗೆ ಕರೆದುಕೊಂಡು ಹೋಗಿ ಹೇಳಿದೆ.

ಅವಳು ಒದ್ದೆ ಟವೆಲ್ಲು ಕೊಡವುತ್ತ, "ಏನಂತ ಹೇಳಲಿ ಅಕ್ಕಾ? ನನ್ನ ಗಂಡಗ ನಾ ಎಲ್ಲದೇನಿ ಅಂತ ಗೊತ್ತೈತಿ ಅಂತನಾ?" ಎಂದಳು.

ಆಮೇಲೆ ನಮ್ಮ ಮೆಸೇಜುಗಳು ಬತ್ತಿದವು. ಬೆಳಿಗ್ಗೆ ಒಂದು ಹೂವಿನ ಚಿತ್ರ, ಹಬ್ಬಕ್ಕೊಂದು ದೀಪದ ಚಿತ್ರ. ನಾನೂ ಹಾಗೆಯೇ ಹೂವು ಕಳಿಸುತ್ತಿದ್ದೆ. ನನ್ನ ಆಪರೇಶನ್ ಆದದ್ದನ್ನೂ ಬರೆಯಲಿಲ್ಲ, ಎದುರಿಗೆ ಬಂದಾಗ ಹೇಳಿದೆ.

ಚಳಿಗಾಲದ ಒಂದು ಭಾನುವಾರ, ಅವನು ಬಿಟ್ಟುಹೋದ ಸ್ವಲ್ಪ ಹೊತ್ತಿಗೆ, ಅವಳು ಫೋನನ್ನು ಸೋಫಾದ ಮೇಲೆ ಇಟ್ಟು ಚಪ್ಪಲಿ ಮೆಟ್ಟಿದಳು. ಮನೆಯವರು ಡ್ಯೂಟಿಗೆ ಹೋಗಿದ್ದರು.

"ಅಕ್ಕಾ, ಹೋಗಿ ಬರತೀನಿ. ಫೋನು ಇಲ್ಲೇ ಇರ್ಲಿ."

"ಎಲ್ಲಿಗೆ?"

ಅವಳಾಗಲೇ ಬಾಗಿಲು ತೆರೆದಿದ್ದಳು. ನಾನು ನನ್ನ ಮೆಟ್ರೊ ಕಾರ್ಡನ್ನು ಅವಳ ಕೈಯಲ್ಲಿ ತುರುಕಿದೆ. ಗೇಟಿನ ಸದ್ದಾಯಿತು, ಹೋದಳು.

ಮೊದಲು ನನಗೂ ಹಿಗ್ಗೆನಿಸಿತು. ಸೊಪ್ಪು ಸೋಸಿದೆ, ಅನ್ನಕ್ಕಿಟ್ಟೆ. ಮಧ್ಯಾಹ್ನವಾಯಿತು. ಸೋಫಾದ ಮೇಲಿನ ಫೋನು ರಿಂಗಾಯಿತು. ಪರದೆಯ ಮೇಲೆ ಅವನ ನಗುಮುಖ. ರಿಂಗಾಗಿ ರಿಂಗಾಗಿ ನಿಂತಿತು. ಅದರ ಹಿಂದೆಯೇ ನನ್ನದು.

"ತಲಿಗೆ ಎರಕೊಳ್ಳಾಕತ್ತಾಳ್ರಿ," ಎಂದೆ.

"ಇಷ್ಟೊತ್ತಿನ್ಯಾಗ?"

"ಎಣ್ಣಿ ಹಚ್ಚಿದ್ದೆ. ತಡ ಆತು."

"ಚಲೋ ಆತು ಬಿಡ್ರಿ. ಆದ ಕೂಡ್ಲೆ ಒಂದು ವಿಡಿಯೊ ಕಾಲ್ ಮಾಡಾಕ ಹೇಳ್ರಿ."

ಅಲ್ಲಿಂದ ಮುಂದಿನ ಹೊತ್ತು ಕಳೆದದ್ದು ಹೇಗೆಂದು ನನಗೇ ತಿಳಿಯದು. ಗೇಟಿಗೆ ಹೋಗಿ ರಸ್ತೆ ನೋಡಿದೆ, ಒಳಗೆ ಬಂದೆ, ಮತ್ತೆ ಹೋದೆ. ಅವಳ ಕೈಯಲ್ಲಿ ಫೋನಿಲ್ಲ. ಎಲ್ಲಾದರೂ ಬಿದ್ದರೆ, ಯಾರಾದರೂ ಗಾಡಿ ತಂದು ಹಾಯಿಸಿದರೆ, ಯಾರು ನನಗೆ ತಿಳಿಸುತ್ತಾರೆ? ಅವಳು ಈಗ ಎಲ್ಲಿದ್ದಾಳೆ, ಅದೊಂದು ಗೊತ್ತಾದರೆ ಸಾಕು ಎನ್ನಿಸಿತು. ಆ ಆಸೆ ಎಷ್ಟು ಸಹಜವಾಗಿ, ಎಷ್ಟು ಅಕ್ಕರೆಯಿಂದ ನನ್ನೊಳಗೆ ಹುಟ್ಟಿತೆಂದರೆ, ಅವನೂ ಹೀಗೆಯೇ ಶುರು ಮಾಡಿರಬೇಕು ಎಂಬ ಯೋಚನೆ ಬಂದು, ಗೇಟು ಬಿಟ್ಟು ಒಳಗೆ ಬಂದು ಕುಳಿತೆ.

ಫೋನು ಮತ್ತೆ ರಿಂಗಾಗುತ್ತಿದ್ದಾಗಲೇ ಅವಳು ಒಳಗೆ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಅವನಿಗೆ ನಾನು ಹೇಳಿದ ಸುಳ್ಳನ್ನು ಅವಳಿಗೆ ತಿಳಿಸಿದೆ. ಅವಳು ನೇರ ಬಚ್ಚಲಿಗೆ ಹೋಗಿ ನಲ್ಲಿಯ ಕೆಳಗೆ ತಲೆ ಹಿಡಿದಳು. ಚಳಿಗಾಲದ ತಣ್ಣೀರು. ಹಲ್ಲು ಕಟಕಟ ಎನ್ನುತ್ತಿತ್ತು. ನಾನು ಟವೆಲ್ಲು ಸುತ್ತಿದೆ. ಅವಳು ಕಿಟಕಿಯ ಬೆಳಕಿಗೆ ಕುಳಿತು ವಿಡಿಯೊ ಕಾಲ್ ಮಾಡಿದಳು. ಕೂದಲಿನಿಂದ ನೀರು ಫೋನಿನ ಮೇಲೆ ಹನಿಯುತ್ತಿತ್ತು.

"ನೆಗಡಿ ಆಗತೈತಿ, ಲಗೂನ ಒರಸ್ಕೋ," ಎಂದ ಅವನು.

"ಹೂಂ ರೀ," ಎಂದಳು.

ಆಮೇಲೆ ಊಟಕ್ಕೆ ಕುಳಿತಾಗ ಕೇಳಿದೆ, ಎಲ್ಲಿಗೆ ಹೋಗಿದ್ದಿ ಎಂದು. ಮೆಟ್ರೊ ಹತ್ತಿ ಕೊನೆಯ ಸ್ಟೇಶನ್ನಿನವರೆಗೆ ಹೋದಳಂತೆ. ಅಲ್ಲಿ ಬೆಂಚಿನ ಮೇಲೆ ಕುಳಿತಳಂತೆ. ಪಕ್ಕದ ಮುದುಕಿಯೊಬ್ಬಳು ಯಾವ ಊರು ಎಂದು ಮರಾಠಿಯಲ್ಲಿ ಕೇಳಿದ್ದಕ್ಕೆ, "ಸಾವನೇರ್ ಅಂತ ಹೇಳಿದೆ ಅಕ್ಕಾ. ಆ ಊರು ನಾ ನೋಡೇ ಇಲ್ಲ. ಯಾಕ ಹಂಗ ಹೇಳಿದ್ನೋ ಏನೋ," ಎಂದು ನಕ್ಕಳು. ನಗುತ್ತಲೇ ಸೀನಿದಳು.

ಒಂದೇ ಸಲ. ಇನ್ನೊಮ್ಮೆ ಹಾಗೆ ಹೋಗಲು ಬರಲಿಲ್ಲ. ಮುಂದಿನ ಸಲ ಬಂದಾಗ ಅವಳ ಮಣಿಕಟ್ಟಿನಲ್ಲಿ ಹೊಸ ಕೈಗಡಿಯಾರವಿತ್ತು, ಫೋನಿನಂತೆ ಬೆಳಗುವಂಥದ್ದು. "ಎದಿ ಬಡಿತ ನೋಡತೈತ್ರಿ, ಎಷ್ಟು ನಡದಾಳ, ಎಷ್ಟು ನಿದ್ದಿ ಮಾಡ್ಯಾಳ, ಎಲ್ಲಾ ಹೇಳತೈತಿ. ಜಳಕಕ್ಕೂ ತಗಿಯೋದು ಬೇಕಾಗೂದಿಲ್ಲ," ಎಂದು ಅವನೇ ನನಗೆ ವಿವರಿಸಿದ. ನಾನು ಅವನ ಮುಖವನ್ನು ಬಹಳ ಹೊತ್ತು ನೋಡಿದೆ. ಆ ತಲೆಸ್ನಾನದ ಸುಳ್ಳು ಅವನಿಗೆ ತಿಳಿದಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಆ ವರ್ಷವೇ ಅವನಿಗೆ ಛತ್ತೀಸ್‌ಗಢದ ಕಡೆಗೆ ವರ್ಗವಾಯಿತು. ಹೊರಡುವ ದಿನ ನಮ್ಮ ಮನೆಯಲ್ಲಿ ಊಟ. ಅಡುಗೆಮನೆಯಲ್ಲಿ ನಾನೊಬ್ಬಳೇ ಸಿಕ್ಕಾಗ ತಂಗಿ, "ನಿನ್ನ ನಂಬರು ಬಾಯಿಪಾಠ ಮಾಡಿಕೊಂಡೀನಿ," ಎಂದು ಕಿವಿಯಲ್ಲಿ ಹೇಳಿದಳು.

ಈಗ ಯಾವಾಗಲೋ ಒಮ್ಮೆ ಗುರುತಿಲ್ಲದ ನಂಬರಿನಿಂದ ಕರೆ ಬರುತ್ತದೆ. ಒಮ್ಮೆ ಟೇಲರಿನ ಫೋನು, ಒಮ್ಮೆ ಆಸ್ಪತ್ರೆಯಲ್ಲಿ ಪಕ್ಕ ಕುಳಿತವರದು. "ಅಕ್ಕಾ, ನಾ. ಈ ನಂಬರಿಗೆ ತಿರುಗಿ ಹಚ್ಚಬ್ಯಾಡ," ಎಂದೇ ಶುರು. ಸಾರು, ಸೊಪ್ಪು, ಮಳೆ, ಅಷ್ಟರ ಮಾತು. ಕೊನೆಯ ಸಲ ಕರೆ ಬಂದಾಗ ಅವಳಿಗೆ ಮಗು ಹುಟ್ಟಿ ಸ್ವಲ್ಪ ದಿನವಾಗಿತ್ತು. ಹೆಣ್ಣು. ಹುಟ್ಟಿದ ಸುದ್ದಿ ಚಿಕ್ಕಮ್ಮನಿಂದ ಆಗಲೇ ತಿಳಿದಿತ್ತು, ಚಿತ್ರವೂ ಬಂದಿತ್ತು.

"ಯಾರ ಹಂಗ ಐತಿ?" ಎಂದೆ.

"ಅವರ ಹಂಗ ಅಂತಾರ." ಹಿಂದೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಆಮೇಲೆ ಹೇಳಿದಳು, "ತೊಟ್ಟಿಲ ಮ್ಯಾಲೆ ಕ್ಯಾಮೆರಾ ಹಚ್ಯಾರಕ್ಕಾ. ನಾ ಹಾಲು ಕುಡಸೂದು ಅವರು ಡ್ಯೂಟಿಯಿಂದ ನೋಡತಾರ. ಭಾಳ ಖುಷಿ ಪಡತಾರ."

ಅದನ್ನು ಬಂದ್ ಮಾಡುವುದು ಹೇಗೆ ಎಂದು ಅವಳು ಕೇಳಲಿಲ್ಲ.

"ಕೂಸು ಹಾಲು ಚಲೋ ಕುಡೀತೈತೇನು?" ಎಂದು ಕೇಳಿದೆ.

"ಚಲೋ ಕುಡೀತೈತಿ," ಎಂದಳು. ಯಾರೋ ಫೋನು ಕೇಳಿದರೆಂದು ಕಾಣುತ್ತದೆ, ಇಡತೀನಿ ಎಂದು ಇಟ್ಟಳು.